ಒಳಗೊಂದು ಬಣ್ಣ, ಹೊರಗೊಂದು ಬಣ್ಣ

ಟ್ರೇಲರ್ ಮನೆ ಮುಂದೆ ಬಂದು ನಿಂತ ದಿನ ನಾನು ಮೊದಲು ಮಾಡಿದ ಕೆಲಸ ಅಂದರೆ ಒಳಗೆ ಹೋಗಿ ಎರಡೂ ಬಾಗಿಲು ಎಳೆದುಕೊಂಡಿದ್ದು. ಮಟಮಟ ಮಧ್ಯಾಹ್ನ. ಹೊರಗೆ ಚಿಕ್ಕಬಳ್ಳಾಪುರದ ಬಿಸಿಲಿಗೆ ರಸ್ತೆಯ ಟಾರು ಮೆತ್ತಗಾಗಿತ್ತು. ಒಳಗೆ ನನ್ನ ಕೈ ನನಗೇ ಕಾಣಲಿಲ್ಲ.

"ಏನ್ ಮಾಡ್ತಿದೀಯೇ ಒಳಗೆ?" ಅಂತ ನಮ್ಮ ಯಜಮಾನರು ತಗಡಿನ ಮೇಲೆ ತಟ್ಟಿದರು.

"ನೋಡ್ತಿದೀನಿ."

"ಕತ್ತಲೇಲಿ ಏನೇ ನೋಡ್ತೀಯ?"

ಎಷ್ಟು ಕತ್ತಲೆ ಇದೆ ಅಂತಲೇ ನೋಡುತ್ತಿದ್ದೆ. ಆದರೆ ಹಾಗೆಂದರೆ ಅವರು ನಗುತ್ತಾರೆ ಅಂತ ಬಾಗಿಲು ತೆಗೆದೆ.

ಗೌರಿಬಿದನೂರಿನ ಶಾಮಿಯಾನದವರೊಬ್ಬರು ಸೌಂಡ್ ಬಾಕ್ಸ್ ಸಾಗಿಸಲು ಮಾಡಿಸಿದ್ದ ಟ್ರೇಲರ್ ಅದು. ಹದಿನಾಲ್ಕು ಅಡಿ ಉದ್ದ, ಆರೂವರೆ ಅಡಿ ಅಗಲ. ಹೊರಗೆ ತಗಡು, ಒಳಗೆ ಕಂದು ಬಣ್ಣದ ಪ್ಲೈವುಡ್. ಕಿಟಕಿ ಅನ್ನೋದೇ ಇಲ್ಲ. ಜೀಪಿನ ಹಿಂದೆ ಕೊಂಡಿ ಹಾಕಿ ಎಳೆಯಬಹುದು. ನಮ್ಮ ಯಜಮಾನರು ಗೂಡ್ಸ್ ಜೀಪ್ ಓಡಿಸುತ್ತಾರೆ. ಬೆಳಗ್ಗೆ ಚಿಂತಾಮಣಿ ಮಾರ್ಕೆಟ್ಟಿಗೆ ಟೊಮೆಟೊ ಹಾಕಿ ಬಂದರೆ ಹತ್ತು ಗಂಟೆಯ ಮೇಲೆ ಜೀಪ್ ಖಾಲಿ. ಆ ಖಾಲಿ ಜೀಪನ್ನು ನೋಡಿ ನೋಡಿಯೇ ನನಗೆ ಈ ಯೋಚನೆ ಹುಟ್ಟಿದ್ದು.

ನಾನು ಹದಿನಾರು ವರ್ಷ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿದ್ದೆ. ಮೊದಲು ಮೆಷಿನ್ ಮೇಲೆ, ಆಮೇಲೆ ಲೈನ್ ಸೂಪರ್‌ವೈಸರ್. ಒಂದು ದಿನ ನಮ್ಮ ಲೈನುಗಳನ್ನೇ ಎತ್ತಿ ಬೇರೆ ಊರಿಗೆ ಸಾಗಿಸಿದರು. ಮನೆಯಲ್ಲಿ ಕೂತೆ. ಕೂರಲಾಗಲಿಲ್ಲ. ಬೆಳಗ್ಗೆ ಎಂಟೂಕಾಲಕ್ಕೆ ಕಾಲು ತಾನಾಗಿ ಬಾಗಿಲ ಕಡೆ ಹೋಗೋದು. ಪಾತ್ರೆ ತೊಳೆದಿದ್ದನ್ನೇ ತೊಳೆದೆ, ಪಕ್ಕದ ಮನೆಯವರ ಹೊಸಿಲನ್ನೂ ಗುಡಿಸಿದೆ. "ನಿನ್ನ ಜತೆ ಒಂದ್ ಗಂಟೆ ಕೂತ್ರೆ ನನಗೂ ಕಾಲು ನಡುಗುತ್ತೆ ಕಣೇ," ಅನ್ನೋರು ಯಜಮಾನರು.

ಹಳ್ಳಿಗಳಲ್ಲಿ ಹೆಂಗಸರು ಒಂದು ಮ್ಯಾಚಿಂಗ್ ಬ್ಲೌಸ್ ಪೀಸಿಗೆ, ಸೀರೆಗೆ ಫಾಲ್ ಹಾಕಿಸೋಕೆ, ಪಿಕೋ ಮಾಡಿಸೋಕೆ ಅಂತ ಊರಿಂದ ಟೌನಿಗೆ ಬಂದು ಇಡೀ ದಿನ ಕಳೆದುಕೊಳ್ಳುತ್ತಾರೆ. ಅಂಗಡಿಯೇ ಅವರ ಊರಿಗೆ ಹೋದರೆ? ಸೋಮವಾರ ಜಂಗಮಕೋಟೆ, ಬುಧವಾರ ಕೈವಾರ, ಶುಕ್ರವಾರ ತೊಂಡೇಬಾವಿ. ಒಳಗೆ ಎರಡೂ ಪಕ್ಕ ಬ್ಲೌಸ್ ಬಟ್ಟೆಯ ಥಾನುಗಳು, ನಡುವೆ ಬಟ್ಟೆ ಹರಡೋ ಮೇಜು, ಕೊನೆಯಲ್ಲಿ ಹೊಲಿಗೆ ಮೆಷಿನ್. ಚಾವಣಿ ಮೇಲೆ ಸೋಲಾರ್ ಹಲಗೆ, ಮೆಷಿನ್ ಮುಂದಿನ ಸೀಟಿನ ಕೆಳಗೆ ಬ್ಯಾಟರಿ. ಎಲ್ಲಾ ಲೆಕ್ಕ ಹಾಕಿದ್ದೆ, ಬೆಳಕೊಂದನ್ನು ಬಿಟ್ಟು.

ಹೊಲಿಯೋಕೆ ಆಪಾ ಇದ್ದರು. ಆಪಾ ಅಂದರೆ ಅಕ್ಕ, ಈಗ ನಾನು ಹಾಗೇ ಕರೆಯೋದು. ಶಿಡ್ಲಘಟ್ಟದವರು, ನನಗಿಂತ ಒಂಬತ್ತು ವರ್ಷ ದೊಡ್ಡವರು. ಕಾರ್ಖಾನೆಯಲ್ಲಿ ನನ್ನ ಲೈನಿನಲ್ಲೇ ಇದ್ದವರು. ಬ್ಲೌಸಿನ ತೋಳಿನ ಮೇಲೆ ಅವರು ಕೊಕ್ಕೆ ತುದಿಯ ಆರಿ ಸೂಜಿಯಲ್ಲಿ ಹಾಕುವ ಮಾವಿನಕಾಯಿ ಕಸೂತಿಯನ್ನು ಜಿಲ್ಲೆಯಲ್ಲಿ ಇನ್ನೊಬ್ಬರು ಅಷ್ಟು ನುಣುಪಾಗಿ ಹಾಕಲಾರರು ಅಂತ ನನ್ನ ನಂಬಿಕೆ. ಕಾರ್ಖಾನೆ ಬಿಟ್ಟ ಮೇಲೂ ನನ್ನನ್ನು "ಮೇಡಂ" ಅಂತಲೇ ಕರೆಯೋರು. "ಇನ್ನೂ ಏನ್ ಆಪಾ ಮೇಡಂ?" ಅಂದರೆ "ನಾಲಿಗೆಗೆ ಅಭ್ಯಾಸ ಆಗೋಗಿದೆ, ಬಿಡಿ ಮೇಡಂ," ಅನ್ನೋರು.

ಚಿಕ್ಕಬಳ್ಳಾಪುರದ ಎಲೆಕ್ಟ್ರಿಕಲ್ ಅಂಗಡಿಯಾತ ಗಾಡಿಯ ಅಳತೆ ಕೇಳಿ ಒಂದು ಎಲ್ಇಡಿ ಪಟ್ಟಿ ಲೈಟ್ ಕೊಟ್ಟ. ಬ್ಯಾಟರಿಗೆ ನೇರವಾಗಿ ಹಾಕೋದು, ಮೊಳದುದ್ದ. "ಗಾಡಿ ಒಳಗೆ ಇಷ್ಟು ಸಾಕು ಬಿಡಮ್ಮ. ಇನ್ನೇನು ಕ್ರಿಕೆಟ್ ಆಡ್ತೀರಾ?" ಅಂದ. ನಾನೂ ನಕ್ಕು ತಂದೆ.

ಮೊದಲ ಸೋಮವಾರ ಜಂಗಮಕೋಟೆಯಲ್ಲಿ ಡೈರಿ ಪಕ್ಕ ಗಾಡಿ ನಿಲ್ಲಿಸಿದೆವು. ಹೆಂಗಸರು ಬಂದರು, ಮೆಟ್ಟಿಲು ಹತ್ತಿದರು, ಒಳಗೆ ಬಗ್ಗಿ ನೋಡಿ ನಿಂತರು. ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಆಗ ತಾನೆ ಇಳಿಸಿ ಬಂದಿದ್ದ ಒಬ್ಬಾಕೆ, "ಏನಮ್ಮ ಇದು, ರೇಷನ್ ಅಂಗಡಿ ಇದ್ದಂಗಿದೆ," ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಂದವರೆಲ್ಲ ಥಾನು ಎತ್ತಿಕೊಂಡು ಬಾಗಿಲಿಗೆ ಹೋಗಿ ಬಿಸಿಲಲ್ಲಿ ಹಿಡಿದು ನೋಡೋದು, ಒಳಗೆ ಬರೋದು, ಇನ್ನೊಂದು ಎತ್ತಿಕೊಂಡು ಮತ್ತೆ ಹೋಗೋದು. ಸಂಜೆ ಹೊತ್ತಿಗೆ ಅರ್ಧ ಬಟ್ಟೆ ಮಣ್ಣಾಗಿತ್ತು.

"ಎರಡು ಕಿಟಕಿ ಕೊಯ್ಸಿಬಿಡಣ," ಅಂದರು ಯಜಮಾನರು.

"ಕಿಟಕಿ ಕೊಯ್ದರೆ ಥಾನು ಎಲ್ಲಿಡಲಿ? ಬಿಸಿಲು ಬಿದ್ದರೆ ಬಣ್ಣ ಹೋಗುತ್ತೆ, ಧೂಳು ಬೇರೆ."

"ಮತ್ತೆ?"

"ಲೈಟು. ಜಾಸ್ತಿ ಲೈಟು."

ಅಲ್ಲಿಂದ ನನಗೆ ಒಂಥರಾ ಹುಚ್ಚು ಹಿಡಿಯಿತು. ಎಲ್ಲಿ ಹೋದರೂ ತಲೆಯೆತ್ತಿ ಚಾವಣಿ ನೋಡೋದು. ಬ್ಯಾಂಕಿಗೆ ಹೋದರೆ ಅಲ್ಲಿ ಎಷ್ಟು ಲೈಟಿದೆ ಅಂತ ಎಣಿಸೋದು. ಚಿನ್ನದಂಗಡಿಯವರು ಹಳದಿ ಲೈಟು ಯಾಕೆ ಹಾಕುತ್ತಾರೆ, ಮೆಡಿಕಲ್ ಸ್ಟೋರಿನವರು ಬಿಳಿ ಯಾಕೆ ಹಾಕುತ್ತಾರೆ ಅಂತ ಯೋಚಿಸೋದು. ಮದುವೆ ಛತ್ರದಲ್ಲಿ ಊಟದ ಎಲೆ ಮುಂದೆ ಕೂತು ಮೇಲೆ ನೋಡುತ್ತಿದ್ದರೆ ಬಡಿಸೋರು "ಏನಾದ್ರೂ ಬಿತ್ತಾ ಅಮ್ಮ?" ಅಂತ ಕೇಳಿದ್ದರು. ಕಾರ್ಖಾನೆಗೆ ಬಟ್ಟೆ ಕೊಳ್ಳುವ ಕಂಪನಿಯವರು ವರ್ಷಕ್ಕೊಮ್ಮೆ ಬಂದು ಹೊಲಿಗೆ ಮೇಜುಗಳ ಮೇಲೆ ಒಂದು ಚಿಕ್ಕ ಮೀಟರ್ ಇಟ್ಟು ಬೆಳಕು ಅಳೆಯುತ್ತಿದ್ದರು. ಆರೇಳು ನೂರು ಬಂದರೆ ತಲೆ ಆಡಿಸೋರು. ನಾನು ಫೋನಿನಲ್ಲಿ ಅಂಥದ್ದೇ ಒಂದು ಆ್ಯಪ್ ಹಾಕಿಕೊಂಡೆ. ನಮ್ಮ ಗಾಡಿಯ ಮೇಜಿನ ಮೇಲೆ ಇಟ್ಟರೆ ತೊಂಬತ್ತು. ಆಪಾ ಕೂರುವ ಮೆಷಿನ್ ಹತ್ತಿರ ಐವತ್ತೂ ಇಲ್ಲ. ಫೋನ್ ಅಳೆಯೋದು ಕರಾರುವಾಕ್ಕಲ್ಲ ಅಂತ ಗೊತ್ತಿತ್ತು. ಆದರೂ ಐವತ್ತು ಐವತ್ತೇ.

ಎರಡನೇ ಸಲ ಚಿಂತಾಮಣಿಯಿಂದ ಸುರುಳಿ ಸುತ್ತಿದ ಎಲ್ಇಡಿ ಸ್ಟ್ರಿಪ್ ತಂದೆ. ಅಂಟು ಬಿಡಿಸಿ ಅಂಟಿಸೋದು ಅಷ್ಟೆ. ಅಂಗಡಿಯಲ್ಲಿ ಹಳದಿ ಬೆಳಕಿನದು, ಬಿಳಿ ಬೆಳಕಿನದು ಎರಡೂ ಇತ್ತು. "ಯಾವುದು ಜಾಸ್ತಿ ಬೆಳಗುತ್ತೋ ಅದು ಕೊಡಿ," ಅಂದೆ. ಕಣ್ಣು ಕುಕ್ಕುವಂಥ ಬಿಳಿ ಕೊಟ್ಟರು. ಸ್ಟೂಲ್ ಹಾಕಿಕೊಂಡು ಚಾವಣಿಯ ಉದ್ದಕ್ಕೂ ಮೂರು ಸಾಲು ನಾನೇ ಅಂಟಿಸಿದೆ. ಸ್ವಿಚ್ ಹಾಕಿದಾಗ "ಅರೆ ವಾಹ್!" ಅಂದರು ಆಪಾ. ಯಜಮಾನರು ಕಣ್ಣಿಗೆ ಕೈ ಅಡ್ಡ ಹಿಡಿದು, "ಆಸ್ಪತ್ರೆ ಇದ್ದಂಗಿದೆ," ಅಂದರು. ಆಗಲಿ ಅಂದುಕೊಂಡೆ. ರೇಷನ್ ಅಂಗಡಿಗಿಂತ ಆಸ್ಪತ್ರೆ ವಾಸಿ.

ಒಂದು ವಾರ ಸುಖವಾಗಿದ್ದೆ. ಆಮೇಲೆ ಮತ್ತೆ ಫೋನ್ ಹಿಡಿದು ಓಡಾಡತೊಡಗಿದೆ. ಬಾಗಿಲ ಹತ್ತಿರ ನಾನೂರು ಬರುತ್ತಿತ್ತು, ಕೊನೆಗೆ ಹೋದಂತೆ ಇಳಿದು ಇಳಿದು ಆಪಾ ಹತ್ತಿರ ನೂರೈವತ್ತು. ಅದೇ ಸ್ಟ್ರಿಪ್, ಅದೇ ಸುರುಳಿ, ಕೊನೆಯಲ್ಲಿ ಮಂಕು. ಇನ್ನೊಂದು ಸಾಲು ಅಂಟಿಸಿದೆ. ಅದೂ ಹಾಗೇ. ಅಲ್ಲದೆ ಲೈಟು ಆಪಾ ಬೆನ್ನ ಹಿಂದಿನಿಂದ ಬೀಳುತ್ತಿದ್ದರಿಂದ ಅವರ ತಲೆಯ ನೆರಳು ಸರಿಯಾಗಿ ಸೂಜಿಯ ಮೇಲೆಯೇ ಬೀಳುತ್ತಿತ್ತು.

"ಆಪಾ, ಕಾಣ್ತಿದೆಯಾ?"

"ಕಾಣ್ತಿದೆ ಮೇಡಂ."

"ನಿಜ ಹೇಳಿ."

"ಸಾಕಷ್ಟು ಕಾಣ್ತಿದೆ ಅಂದ್ನಲ್ಲ. ನೀವು ಒಂದು ಕಡೆ ಕೂತ್ಕೊಳಿ ಮೇಡಂ, ನೀವು ಓಡಾಡಿದ್ರೆ ಗಾಡಿ ಅಲ್ಲಾಡುತ್ತೆ, ಹೊಲಿಗೆ ಸೊಟ್ಟ ಬರುತ್ತೆ."

ಕೂತೆ. ಎರಡು ನಿಮಿಷ.

ಟೀಚರಮ್ಮ ಬಂದಿದ್ದು ಆ ದಿನಗಳಲ್ಲಿ. ಜಂಗಮಕೋಟೆ ಹತ್ತಿರದ ಒಂದು ಹಳ್ಳಿಯಲ್ಲಿ ಅಂಗನವಾಡಿ ನಡೆಸುತ್ತಿದ್ದವರು. ಸಣ್ಣ ಮೈಕಟ್ಟು, ಮೆಲುದನಿ. ಆ ತಿಂಗಳು ಅವರಿಗೆ ನಿವೃತ್ತಿ. ಊರವರು ಸೇರಿ ಸನ್ಮಾನ ಇಟ್ಟುಕೊಂಡಿದ್ದರು. ಚೀಲದಿಂದ ಬಿಳಿ ಪಂಚೆಯಲ್ಲಿ ಸುತ್ತಿದ್ದ ರೇಷ್ಮೆ ಸೀರೆ ತೆಗೆದು ಮೇಜಿನ ಮೇಲಿಟ್ಟರು. ಬಾಟಲ್ ಗ್ರೀನ್ ಅಂತೀವಲ್ಲ, ಆ ಕಡು ಹಸಿರು, ಸಾಸಿವೆ ಬಣ್ಣದ ಅಂಚು.

"ಇದು ನಾನು ಸ್ವಂತಕ್ಕೆ ಅಂತ ತಗೊಂಡಿದ್ದು ಒಂದೇ ರೇಷ್ಮೆ ಸೀರೆ ಕಣಮ್ಮ. ಇಪ್ಪತ್ತು ವರ್ಷ ಆಯ್ತು. ಇದರ ಬ್ಲೌಸ್ ಈಗ ತೋಳೂ ಹೋಗಲ್ಲ," ಅಂದು ನಕ್ಕರು. "ಅವತ್ತು ಇದನ್ನೇ ಉಡಬೇಕು ಅಂತ. ಮ್ಯಾಚಿಂಗ್ ಸರಿಯಾಗಿ ಕೊಡ್ತೀರಾ?"

"ನಮ್ಮಲ್ಲಿ ಇಲ್ಲದ ಹಸಿರೇ ಇಲ್ಲ ಅಮ್ಮ," ಅಂದೆ. ಹನ್ನೊಂದು ಹಸಿರು ಥಾನುಗಳನ್ನು ಸೀರೆಯ ಪಕ್ಕ ಸಾಲಾಗಿ ಬಿಚ್ಚಿದೆ. ಒಂದು ಎಷ್ಟು ಸರಿಯಾಗಿ ಕೂತಿತು ಅಂದರೆ ಸೀರೆ ಎಲ್ಲಿ ಮುಗಿಯಿತು, ಬಟ್ಟೆ ಎಲ್ಲಿ ಶುರುವಾಯಿತು ಅಂತ ಹುಡುಕಬೇಕು. ಟೀಚರಮ್ಮ ಥಾನು ಎತ್ತಿಕೊಂಡು ಬಾಗಿಲ ಕಡೆ ಹೊರಟರು. ನಾನೇ ತಡೆದೆ. "ಬೇಡಿ ಅಮ್ಮ, ಮಣ್ಣಾಗುತ್ತೆ. ಈಗ ಒಳಗೇ ಲೈಟಿದೆಯಲ್ಲ, ನೋಡಿ ಎಷ್ಟು ಚೆನ್ನಾಗಿ ಕಾಣುತ್ತೆ." ಅವರು ತಲೆಯೆತ್ತಿ ನನ್ನ ನಾಲ್ಕು ಸಾಲು ಲೈಟು ನೋಡಿ, "ಹೂಂ, ಚೆನ್ನಾಗಿದೆ," ಅಂದರು. ಆ ಹೊಗಳಿಕೆಗೆ ನಾನು ಉಬ್ಬಿಹೋದೆ.

ಆಪಾ ಅದಕ್ಕೆ ತೋಳಿನ ತುಂಬ ಸಾಸಿವೆ ಬಣ್ಣದ ಮಾವಿನಕಾಯಿ ಹಾಕಿದರು. ಮುಂದಿನ ಸೋಮವಾರ ಟೀಚರಮ್ಮ ಒಯ್ದರು. ಗುರುವಾರ ಬೆಳಗ್ಗೆ, ನಮ್ಮ ಗಾಡಿ ಹೊರಡದ ದಿನ, ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಬಂದು, ಕೇಳಿಕೊಂಡು ಕೇಳಿಕೊಂಡು ನಮ್ಮ ಮನೆ ಹುಡುಕಿ ಬಂದಿದ್ದರು. ಜೋರು ಮಾಡಲಿಲ್ಲ. ನನ್ನನ್ನು ಅಂಗಳಕ್ಕೆ ಕರೆದು, ಒಂದು ಕೈಯಲ್ಲಿ ಸೀರೆ, ಇನ್ನೊಂದು ಕೈಯಲ್ಲಿ ಬ್ಲೌಸ್ ಹಿಡಿದು ಬಿಸಿಲಿಗೆ ಒಡ್ಡಿದರು.

ಸೀರೆ ಕಡು ಹಸಿರು. ಬ್ಲೌಸ್ ರಾಮಾ ಗ್ರೀನ್. ನೀಲಿ ಬೆರೆತ ಹಸಿರು, ಯಾರು ನೋಡಿದರೂ ಬೇರೆ ಅಂತ ಹೇಳುವಷ್ಟು ಬೇರೆ.

"ಇದು ನಾವು ಕೊಟ್ಟಿದ್ದೇ ಅಲ್ಲ" ಅನ್ನೋ ಮಾತು ನಾಲಿಗೆ ತುದಿಯವರೆಗೂ ಬಂತು. ಆದರೆ ತೋಳಿನ ಮೇಲೆ ಆಪಾ ಮಾವಿನಕಾಯಿ ಇದೆಯಲ್ಲ. ಎರಡನ್ನೂ ಕಿತ್ತುಕೊಂಡಂತೆ ತೆಗೆದುಕೊಂಡು ಮನೆ ಪಕ್ಕ ನಿಂತಿದ್ದ ಗಾಡಿಯೊಳಗೆ ಓಡಿ ಲೈಟ್ ಹಾಕಿದೆ. ಒಂದೇ ಬಣ್ಣ! ಹೊರಗೆ ಬಂದೆ. ಎರಡು ಬಣ್ಣ. ಮತ್ತೆ ಒಳಗೆ. ಮತ್ತೆ ಹೊರಗೆ. ನಾಲ್ಕು ಸಲ ಹಾಗೆ ಮಾಡಿದೆ. ಟೀಚರಮ್ಮ ಅಂಗಳದಲ್ಲಿ ನಿಂತು ನೋಡುತ್ತಿದ್ದರು.

"ನೀವು ಬೇಕಂತ ಮಾಡಿಲ್ಲ ಅಂತ ಗೊತ್ತಮ್ಮ," ಅಂದರು. "ಆದ್ರೆ ಭಾನುವಾರ ಕಾರ್ಯಕ್ರಮ. ಪರವಾಗಿಲ್ಲ, ಯಾವುದಾದ್ರೂ ಕರಿ ಬ್ಲೌಸ್ ಹಾಕ್ಕೋತೀನಿ. ಹೇಳಿ ಹೋಗಣ ಅಂತ ಬಂದೆ."

ಬೈದಿದ್ದರೆ ವಾಸಿಯಿತ್ತು.

"ಸೀರೆ ಇಲ್ಲೇ ಬಿಟ್ಟು ಹೋಗಿ," ಅಂದೆ. "ಶನಿವಾರ ಸಂಜೆ ನಿಮ್ಮ ಮನೆಗೇ ತಂದುಕೊಡ್ತೀನಿ."

ಅವರು ಸೀರೆಯನ್ನು ಒಮ್ಮೆ ಸವರಿದರು. ಬಿಟ್ಟುಹೋಗೋಕೆ ಮನಸ್ಸಿರಲಿಲ್ಲ ಅಂತ ನನಗೆ ಕಾಣಿಸಿತು. ಆದರೂ ಬಿಟ್ಟು ಹೋದರು.

ಅವತ್ತು ನಾವು ಮೂರು ಊರು ಅಲೆದೆವು. ಯಜಮಾನರು ಆಗ ತಾನೆ ಮಾರ್ಕೆಟ್ಟಿನಿಂದ ಬಂದಿದ್ದರು, ಜೀಪಿನ ತುಂಬ ಟೊಮೆಟೊ ವಾಸನೆ. ಊಟಕ್ಕೂ ಕೂರಗೊಡದೆ ಹೊರಡಿಸಿದೆ. ಚಿಕ್ಕಬಳ್ಳಾಪುರದಲ್ಲಿ ನಾಲ್ಕು ಅಂಗಡಿ, ಶಿಡ್ಲಘಟ್ಟದಲ್ಲಿ ಎರಡು. ಅಲ್ಲಿ ಆಪಾನೂ ಜೀಪ್ ಹತ್ತಿದರು. ವಿಷಯ ಕೇಳಿ ಬ್ಲೌಸನ್ನು ಕೈಯಲ್ಲಿ ಹಿಡಿದು ತೋಳಿನ ಕಸೂತಿಯ ಮೇಲೆ ಬೆರಳಾಡಿಸುತ್ತ ಕೂತರು. ಪ್ರತಿ ಅಂಗಡಿಯಲ್ಲೂ ನಾನು ಬಟ್ಟೆ ಎತ್ತಿಕೊಂಡು ರಸ್ತೆಗೆ ಓಡೋದು, ಅಂಗಡಿಯವರು "ಅಮ್ಮಾ, ಎಲ್ಲಿಗೆ?" ಅಂತ ಹಿಂದೆ ಓಡಿಬರೋದು. ಇಷ್ಟು ದಿನ ನಮ್ಮ ಗಾಡಿಗೆ ಬರುತ್ತಿದ್ದ ಹೆಂಗಸರು ಮಾಡುತ್ತಿದ್ದುದನ್ನೇ ನಾನೀಗ ಮಾಡುತ್ತಿದ್ದೆ. ಅವರು ಥಾನು ಮಣ್ಣು ಮಾಡುತ್ತಾರೆ ಅಂತ ಗೊಣಗಿದ್ದೆನಲ್ಲ, ಅವರೇ ಸರಿಯಿದ್ದರು.

ಚಿಂತಾಮಣಿಯ ಒಂದು ಹಳೇ ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯ ಹಿರಿಯರು ಸೀರೆಯನ್ನು ಒಂದು ಸಲ ನೋಡಿ, ಏಣಿ ಹತ್ತಿ, ಮೇಲಿನ ಗೂಡಿನಿಂದ ಥಾನು ಎಳೆದು, ನಾನು ಕೇಳುವ ಮೊದಲೇ ತಾವೇ ಹೊರಗೆ ತಂದು ಬಿಸಿಲಿಗೆ ಹಿಡಿದರು. "ಇದೇನಾ ಅಮ್ಮಾ?" ಅಂದರು ತೆಲುಗು ರಾಗದಲ್ಲಿ. ಅದೇ. ರಸ್ತೆ ಮಧ್ಯದಲ್ಲೇ ನನಗೆ ಅಳು ಬರುವಂತಾಯಿತು.

ಶುಕ್ರವಾರ ತೊಂಡೇಬಾವಿಗೆ ಹೋಗಲಿಲ್ಲ. ಬೆಳಗ್ಗೆಯೇ ಆಪಾ ನಮ್ಮ ಮನೆಗೆ ಬಂದರು. ಗಾಡಿಯೊಳಗೆ ಬೇಡ ಅಂತ ಅಂಗಳದ ಹೊಂಗೆ ಮರದ ಕೆಳಗೆ ಬಟ್ಟೆ ಬಿಗಿಯುವ ಮರದ ಚೌಕಟ್ಟು ಹಾಕಿಕೊಂಡರು. ನಾನು ಎದುರಿಗೆ ಕೂತು ಹೊಲಿಗೆಯ ಅಂಚು ಮಡಿಸುತ್ತಿದ್ದೆ. ಹತ್ತು ಗಂಟೆಯ ಬೆಳಕು, ಅದಕ್ಕಿಂತ ಒಳ್ಳೇ ಬೆಳಕು ಯಾವ ಅಂಗಡಿಯಲ್ಲೂ ಸಿಗದು. ಆ ಬೆಳಕಿನಲ್ಲಿ ಆಪಾ ಹೊಲಿಗೆ ಸೂಜಿಗೆ ದಾರ ಪೋಣಿಸಲು ಹೊರಟರು. ದಾರದ ತುದಿ ಒದ್ದೆ ಮಾಡಿದರು. ಸೂಜಿಯ ಹಿಂತುದಿಯನ್ನು ಕೆಳತುಟಿಗೆ ಮುಟ್ಟಿಸಿ ತೂತು ಎಲ್ಲಿದೆ ಅಂತ ತಡವಿದರು. ಕಣ್ಣು ಮುಚ್ಚಿಕೊಂಡಿದ್ದರು. ದಾರ ಪಕ್ಕಕ್ಕೆ ಹೋಯಿತು. ಮತ್ತೆ. ಮತ್ತೆ. ಐದನೇ ಸಲಕ್ಕೆ ಹೋಯಿತು.

"ಆಪಾ," ಅಂದೆ. "ನಿಮಗೆ ಕಾಣ್ತಿಲ್ಲ."

"ಕಾಣುತ್ತೆ ಮೇಡಂ."

"ಇದು ಲೈಟಿನ ತೊಂದರೆ ಅಲ್ಲ. ಇಲ್ಲಿ ಸೂರ್ಯನೇ ಇದಾನೆ."

ಅವರು ತಲೆ ಎತ್ತಲಿಲ್ಲ. ಕೈ ಮಾತ್ರ ಓಡುತ್ತಿತ್ತು, ಬೆರಳಿಗೇ ಕಣ್ಣಿದೆಯೇನೋ ಅನ್ನುವಂತೆ. "ಮೊದಲು ಇದು ಮುಗೀಲಿ," ಅಂದರು.

ಮುಂದೆ ಕೇಳುವ ಧೈರ್ಯ ನನಗೆ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಇಲ್ಲಿ ಹೇಳಲೇಬೇಕು. ಕಾರ್ಖಾನೆಯಲ್ಲಿ ನಾನು ಆಪಾನ ಹೆಸರು ಹಿಡಿದು ಕರೆದಿದ್ದೇ ಕಡಿಮೆ. "ಹದಿನೇಳನೇ ಮೆಷಿನ್" ಅನ್ನುತ್ತಿದ್ದೆ. ಒಂದು ವರ್ಷ ಹದಿನೇಳನೇ ಮೆಷಿನ್ನಿನ ಕೆಲಸ ನಿಧಾನವಾಯಿತು, ಕಾಲರುಗಳು ವಾಪಸ್ ಬರತೊಡಗಿದವು. ಆ ಮೆಷಿನ್ ಮೇಲಿನ ಟ್ಯೂಬ್‌ಲೈಟು ಮಿಣುಕುತ್ತಿದೆ ಅಂತ ಅವರು ಎರಡು ಸಲ ಹೇಳಿದ್ದರು. ನಾನು ಬರೆದುಕೊಂಡೆ, ಮೇಲಕ್ಕೆ ಕಳಿಸಲಿಲ್ಲ. ಟಾರ್ಗೆಟ್ ಇತ್ತು, ಮರೆತೆ ಅಂತ ಆಗ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಅವರನ್ನು ಮೆಷಿನ್‌ನಿಂದ ಎಬ್ಬಿಸಿ ಹಿಂದಿನ ಮೇಜಿನಲ್ಲಿ ಉಳಿದ ದಾರ ಕತ್ತರಿಸುವ ಕೆಲಸಕ್ಕೆ ಹಾಕಿದೆ. ಅಲ್ಲಿಗೆ ಹೋದವರು ಮತ್ತೆ ಮೆಷಿನ್‌ಗೆ ಬರುತ್ತಿರಲಿಲ್ಲ. ಕನ್ನಡಕ ಹಾಕಿದ ಹೆಂಗಸರನ್ನು ನಾವು ಸೂಪರ್‌ವೈಸರುಗಳು ಒಂದು ಕಣ್ಣಿಟ್ಟು ನೋಡುತ್ತಿದ್ದೆವು. ಮುಂದೆ ಕತ್ತರಿ ಮೇಜಿಗೆ ಹೋಗೋರು ಅವರೇ ಅಂತ ಹೇಳುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ಮೂರಕ್ಕೆ ಬ್ಲೌಸ್ ಮುಗಿಯಿತು. ಸಂಜೆ ನಾನೂ ಯಜಮಾನರೂ ಟೀಚರಮ್ಮನ ಹಳ್ಳಿಗೆ ಹೋಗಿ ಕೊಟ್ಟೆವು. ಅವರು ಅಂಗಳಕ್ಕೆ ತಂದು ಸೀರೆಗೆ ಹಿಡಿದು ನೋಡಿದರು, ಆಮೇಲೆ ನನ್ನ ಮುಖ ನೋಡಿದರು, ಆಮೇಲೆ ಒಳಗೆ ಹೋಗಿ ಮೂವರಿಗೂ ಕಾಫಿ ತಂದರು. ಭಾನುವಾರ ನನ್ನನ್ನೂ ಕರೆದಿದ್ದರು. ಹಿಂದಿನ ಸಾಲಲ್ಲಿ ಕೂತಿದ್ದೆ. ಅವರು ಹಾಡು ಹೇಳಿಕೊಟ್ಟು ಬೆಳೆಸಿದ ಮಕ್ಕಳು ಈಗ ಮೀಸೆ ಬಂದು, ಮದುವೆಯಾಗಿ, ಮಕ್ಕಳನ್ನು ಎತ್ತಿಕೊಂಡು ಸಾಲಾಗಿ ಬಂದು ಕಾಲಿಗೆ ಬೀಳುತ್ತಿದ್ದರು. ನಾನು ತೋಳುಗಳನ್ನೇ ನೋಡುತ್ತಿದ್ದೆ. ಫೋಟೋದವನ ಲೈಟ್ ಬಿದ್ದಾಗ ಎದ್ದು ನಿಂತು ನೋಡಿದೆ. ಬಣ್ಣ ಹಾಗೇ ಇತ್ತು.

ಮಾರನೇ ದಿನದಿಂದ ಗಾಡಿ ನಿಲ್ಲಿಸಿದೆ. "ಲೈಟ್ ಸರಿಯಾಗೋವರೆಗೂ ಹೊರಡಲ್ಲ," ಅಂದೆ.

ಗೌರಿಬಿದನೂರಿನಲ್ಲಿ ನಮ್ಮ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಇದ್ದರು. ಈಗ ಮನೆಯಲ್ಲೇ ಮೋಟಾರು ರಿಪೇರಿ ಮಾಡುತ್ತಾರೆ. ಅವರನ್ನು ಕರೆದುಕೊಂಡು ಬಂದೆ. ಗಾಡಿಯೊಳಗೆ ಬಂದು ಲೈಟ್ ಹಾಕಿ, ತಮ್ಮ ಅಂಗೈಯನ್ನು ಮೇಲೆತ್ತಿ ಹಿಡಿದು ನೋಡಿಕೊಂಡರು.

"ನನ್ನ ಕೈ ಹೆಣದ ಕೈ ಇದ್ದಂಗೆ ಕಾಣ್ತಿದೆಯಲ್ಲಮ್ಮ," ಅಂದರು. "ಮನುಷ್ಯನ ಕೈ ಸರಿಯಾಗಿ ಕಾಣದ ಲೈಟಲ್ಲಿ ಬಟ್ಟೆ ಬಣ್ಣ ಎಲ್ಲಿ ಸರಿಯಾಗಿ ಕಾಣುತ್ತೆ?"

"ಬೆಳಕು ಜಾಸ್ತಿ ಇದೆಯಲ್ಲಣ್ಣ?"

"ಜಾಸ್ತಿ ಇದೆ. ಆದ್ರೆ ಇದರೊಳಗೆ ಕೆಂಪೇ ಇಲ್ಲ, ಬರೀ ನೀಲಿ. ಸೂರ್ಯನ ಬೆಳಕಲ್ಲಿ ಎಲ್ಲಾ ಬಣ್ಣ ಇರುತ್ತೆ. ಅಗ್ಗದ ಎಲ್ಇಡೀಲಿ ಒಂದೆರಡು ಬಣ್ಣ ಕೊಟ್ಟು ಮಿಕ್ಕಿದ್ದು ಕದೀತಾರೆ. ಬಣ್ಣ ಸರಿಯಾಗಿ ತೋರಿಸೋ ಎಲ್ಇಡಿ ಅಂತಲೇ ಬೇರೆ ಬರುತ್ತೆ, ಡಬ್ಬದ ಮೇಲೆ ನೂರಕ್ಕೆ ಎಷ್ಟು ಅಂತ ಬರೆದಿರ್ತಾರೆ. ತೊಂಬತ್ತರ ಮೇಲಿಂದು ತಗೊಳಿ. ಹಳದಿಯೂ ಅಲ್ಲ, ಈ ಹೆಣದ ಬಿಳಿಯೂ ಅಲ್ಲ, ನಡುವಿಂದು."

ಕೊನೆಯಲ್ಲಿ ಯಾಕೆ ಮಂಕು ಅಂತ ಕೇಳಿದೆ. "ಡ್ರಿಪ್ ಪೈಪ್ ಒಂದೇ ಕಡೆಯಿಂದ ಬಿಟ್ರೆ ಕೊನೇ ಗಿಡಕ್ಕೆ ನೀರು ಸಾಲುತ್ತಾ? ಇದೂ ಅಷ್ಟೆ. ದಪ್ಪ ವೈರ್ ಎಳೆದು ಎರಡೂ ತುದಿಯಿಂದ ಕರೆಂಟ್ ಕೊಡಣ," ಅಂದರು. ಆಮೇಲೆ ಗೋಡೆಯ ಕಂದು ಪ್ಲೈವುಡ್ ಮೇಲೆ ಬೆರಳಿಂದ ಕುಟ್ಟಿದರು. "ನೀವು ಎಷ್ಟು ಲೈಟ್ ಹಾಕಿದ್ರೂ ಅರ್ಧ ಇದೇ ಕುಡೀತಿದೆ. ಮೊದಲು ಬಿಳಿ ಪೇಂಟ್ ಹೊಡೀರಿ."

ಮೂರು ದಿನ ಪೇಂಟ್ ಹೊಡೆದೆ. ಥಾನುಗಳೆಲ್ಲ ಮನೆಯ ಮಂಚದ ಮೇಲೆ, ನಾವು ನೆಲದ ಮೇಲೆ. ಒಂದು ಕೋಟ್ ಒಣಗುವವರೆಗೂ ಕಾಯಲಾಗದೆ ಬೀಸಣಿಗೆ ಹಿಡಿದು ಗೋಡೆಗೆ ಬೀಸುತ್ತಿದ್ದೆ. ಬೇಕಾದ ಸ್ಟ್ರಿಪ್ ಇಲ್ಲಿ ಯಾವ ಊರಲ್ಲೂ ಸಿಗಲಿಲ್ಲ, ಪಾರ್ಸೆಲ್ ತರಿಸಿದೆವು. ಅದು ಬರುವವರೆಗೆ ದಿನಕ್ಕೆ ನಾಲ್ಕು ಸಲ ಫೋನ್ ನೋಡಿದೆ. ಎಲೆಕ್ಟ್ರಿಷಿಯನ್ ಅಣ್ಣ ಅಲ್ಯೂಮಿನಿಯಂ ಪಟ್ಟಿಯೊಳಗೆ ಸ್ಟ್ರಿಪ್ ಕೂರಿಸಿ, ಮೇಲೆ ಹಾಲುಬಣ್ಣದ ಮುಚ್ಚಳ ಹಾಕಿದರು. ಕಣ್ಣು ಕುಕ್ಕುವುದು ನಿಂತಿತು. ಬಟ್ಟೆ ಹರಡುವ ಮೇಜಿನ ಮೇಲೆ ಒತ್ತಾಗಿ ಎರಡು ಸಾಲು. ಮೆಷಿನ್ ಹತ್ತಿರ, ಎಡಗಡೆಯಿಂದ, ಕತ್ತು ಬಗ್ಗಿಸಬಹುದಾದ ಒಂದು ದೀಪ.

ಲೈಟ್ ಹಾಕಿದಾಗ ನಾನು ಫೋನ್ ತೆಗೆಯಲಿಲ್ಲ. ಅಂಗೈ ನೋಡಿಕೊಂಡೆ. ಪೇಂಟು ಮೆತ್ತಿಕೊಂಡಿದ್ದ ನನ್ನದೇ ಕೈ, ನನ್ನದೇ ಬಣ್ಣ. ಆಮೇಲೆ ಹನ್ನೊಂದು ಹಸಿರು ಥಾನು ತಂದು ಹರಡಿದೆ. ಅವು ಹನ್ನೊಂದು ಬೇರೆ ಬೇರೆ ಹಸಿರಾಗಿದ್ದವು. ಒಂದೊಂದನ್ನೂ ಎತ್ತಿಕೊಂಡು ಹೊರಗೆ ಹೋಗಿ ನೋಡಿ ಬಂದೆ. ನೂರಕ್ಕೆ ನೂರು ಅಂತ ಹೇಳಲಾರೆ, ಎರಡರ ಮೇಲೆ ಕೊಂಚ ಅನುಮಾನ ಬಂತು. ಅದಕ್ಕೇ ಬಾಗಿಲಲ್ಲಿ ಒಂದು ಬೆತ್ತದ ಸ್ಟೂಲ್ ಹಾಕಿ, ಮೇಲೆ ತೊಳೆದ ಪಂಚೆ ಹಾಸಿದೆ. ಈಗ ಯಾರಾದರೂ ಬಟ್ಟೆಯನ್ನು ಬಿಸಿಲಿಗೆ ತಂದು ನೋಡುತ್ತೀನಿ ಅಂದರೆ ನಾನೇ "ಬನ್ನಿ ಅಮ್ಮ, ಇಲ್ಲಿಟ್ಟು ನೋಡಿ," ಅಂತ ಕರೆದೊಯ್ಯುತ್ತೇನೆ.

ಆಪಾ ಬಂದು ಹೊಸ ದೀಪದ ಕೆಳಗೆ ಕೂತರು. ಸುಮ್ಮನೆ ಸುತ್ತಲೂ ನೋಡಿದರು. ಒಂದು ಬಟ್ಟೆ ತೆಗೆದುಕೊಂಡು ಹೊಲಿದರು. ದೀಪವನ್ನು ಹತ್ತಿರ ಎಳೆದರು. ಇನ್ನೂ ಹತ್ತಿರ. ಬಟ್ಟೆಯನ್ನು ದೂರ ಹಿಡಿದರು. ಆಮೇಲೆ ಮೆಷಿನ್ ಮೇಲೆ ಕೈಯಿಟ್ಟು ಕೂತುಬಿಟ್ಟರು.

ನಾನು ಅವರ ಎದುರು ಸ್ಟೂಲಿನ ಮೇಲೆ ಕೂತೆ. ಅವತ್ತು ನನ್ನ ಕಾಲು ಅಲ್ಲಾಡಲಿಲ್ಲ ಅಂತ ನೆನಪು.

"ಆಪಾ, ಆ ಟ್ಯೂಬ್‌ಲೈಟ್ ವಿಷಯ ನಾನು ಮೇಲಕ್ಕೆ ಕಳಿಸಲೇ ಇಲ್ಲ," ಅಂದೆ.

ಯಾವ ಟ್ಯೂಬ್‌ಲೈಟ್ ಅಂತ ಅವರು ಕೇಳಲಿಲ್ಲ. "ಗೊತ್ತು," ಅಂದರು.

"ಗೊತ್ತಾ?"

"ಮೆಂಟೆನೆನ್ಸಿನವರನ್ನ ನಾನೇ ಕೇಳಿದ್ದೆ. ಅವರಿಗೆ ಯಾವ ಚೀಟಿನೂ ಬಂದಿರಲಿಲ್ಲ."

"ಗೊತ್ತಿದ್ದೂ ನನ್ನ ಜತೆ ಯಾಕೆ ಬಂದ್ರಿ?"

ಆಪಾ ಕೈಯಲ್ಲಿದ್ದ ಬಟ್ಟೆ ಮಡಿಸಿಟ್ಟರು. "ದಾರ ಕತ್ತರಿಸೋ ಮೇಜಲ್ಲಿ ಎರಡು ವರ್ಷ ಕೂತಿದ್ದೆ ಮೇಡಂ. ನೀವು ಮತ್ತೆ ಮೆಷಿನ್ ಕೊಡ್ತೀನಿ ಅಂದ್ರಿ. ಬಂದೆ." ಆಮೇಲೆ ದನಿ ತಗ್ಗಿಸಿ, "ಕಣ್ಣು ಕಾಣಲ್ಲ ಅಂದ್ರೆ ಮತ್ತೆ ಕತ್ತರಿ ಕೊಡ್ತೀರ ಅಂತ ಸುಮ್ನಿದ್ದೆ," ಅಂದರು.

ನಾನು ಏನು ಹೇಳಿದೆ ಅಂತ ಸರಿಯಾಗಿ ನೆನಪಿಲ್ಲ. ಕ್ಷಮಿಸಿ ಅಂದೆನೋ, ಅನ್ನಲಿಲ್ಲವೋ. ಅವರು "ಆಯ್ತು ಬಿಡಿ" ಅಂದಿದ್ದು ಮಾತ್ರ ನೆನಪಿದೆ. ಆದರೆ ಆ "ಬಿಡಿ" ಅಂದ ರೀತಿ ನೋಡಿದರೆ ಪೂರ್ತಿ ಬಿಟ್ಟಿರಲಿಲ್ಲ. ಅದು ಅವರ ಹಕ್ಕು. ಈಗಲೂ ಕೆಲವು ಸಲ ನಾನು ಅವಸರ ಮಾಡಿದರೆ ನನ್ನ ಕಡೆ ಒಂದು ನೋಟ ಬೀರುತ್ತಾರೆ. ಆಗ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ.

ಮರುದಿನ ಚಿಕ್ಕಬಳ್ಳಾಪುರದಲ್ಲಿ ಕಣ್ಣು ತೋರಿಸಲು ಹೋದೆವು. ದೊಡ್ಡ ತೊಂದರೆ ಏನೂ ಇರಲಿಲ್ಲ, ಹತ್ತಿರದ್ದು ಕಾಣಲು ಕನ್ನಡಕ ಬೇಕಿತ್ತು, ಏಳೆಂಟು ವರ್ಷದ ಹಿಂದೆಯೇ ಬೇಕಿತ್ತು. ನನ್ನನ್ನೂ ಕೂರಿಸಿ ನೋಡಿದರು. ನನಗೂ ಬೇಕು ಅಂದರು. "ಮೇಡಂಗೂ!" ಅಂತ ಆಪಾ ಜೋರಾಗಿ ನಕ್ಕಿದ್ದಕ್ಕೆ ಹೊರಗೆ ಕೂತಿದ್ದವರೆಲ್ಲ ಇಣುಕಿದರು.

ಕನ್ನಡಕ ಬಂದ ಬುಧವಾರ ಕೈವಾರಕ್ಕೆ ಹೊರಟೆವು. ಮಠಕ್ಕೆ ಬಂದ ಬಸ್ಸುಗಳ ಪಕ್ಕ ಗಾಡಿ ನಿಲ್ಲಿಸಿ ಲೈಟ್ ಹಾಕಿದೆವು. ಇನ್ನೂ ಯಾರೂ ಬಂದಿರಲಿಲ್ಲ. ಆಪಾ ಕನ್ನಡಕ ಮೂಗಿಗೇರಿಸಿ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿದರು. ಮತ್ತೆ ತೆಗೆದು ಮತ್ತೆ ಪೋಣಿಸಿದರು, ಸುಮ್ಮನೆ. ಆಮೇಲೆ ಕತ್ತೆತ್ತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಯಾ ಅಲ್ಲಾ," ಅಂದರು. "ಮೇಡಂ, ನೀವು ಹಾಕ್ಕೊಂಡಿರೋ ಬ್ಲೌಸ್ ಹೊಲಿದವರು ಯಾರು?"

"ನೀವೇ. ಹೋದ ದೀಪಾವಳಿಗೆ."

"ತೋಳಿನ ಹೊಲಿಗೆ ಹಾವು ಹೋದಂಗೆ ಹೋಗಿದೆಯಲ್ಲ! ಇದನ್ನ ಹಾಕ್ಕೊಂಡು ನೀವು ಟೀಚರಮ್ಮನ ಕಾರ್ಯಕ್ರಮಕ್ಕೂ ಹೋಗಿದ್ರಾ?"

"ಹೋಗಿದ್ದೆ."

"ಬಾಗಿಲು ಹಾಕಿ ಬನ್ನಿ. ಬಿಚ್ಚಿ ಕೊಡಿ ಈಗಲೇ."

ಬಾಗಿಲು ಎಳೆದುಕೊಂಡೆ. ಸೆರಗು ಹೊದ್ದುಕೊಂಡು ಥಾನುಗಳ ನಡುವೆ ಕೂತೆ. ಆಪಾ ತೋಳು ಬಿಚ್ಚಿ ಮತ್ತೆ ಹೊಲಿಯತೊಡಗಿದರು. ಹೊರಗೆ ಯಾರೋ ತಗಡು ತಟ್ಟಿ, "ಅಂಗಡಿ ಇದೆಯಾ ಅಮ್ಮ?" ಅಂದರು. "ಇದೆ, ಐದು ನಿಮಿಷ," ಅಂತ ಇಬ್ಬರೂ ಒಟ್ಟಿಗೆ ಕೂಗಿದೆವು.